ಫಾರ್ಮಿನಲ್ಲಿ ಇನ್ನೊಂದು ಕಾಲಂ ಬೇಕು: ಮಹಿಳಾ ಕಾಲೇಜು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಹಿಳಾ ಕಾಲೇಜುಗಳ ಆಡಳಿತ ಮಂಡಳಿಯವರಿಗೆ, ಪ್ರಾಂಶುಪಾಲರಿಗೆ, ಹಳೆ ವಿದ್ಯಾರ್ಥಿನಿಯರ ಸಂಘದವರಿಗೆ,

ನಮಸ್ಕಾರ.

ಹೋದ ತಿಂಗಳು ನಾನು ಓದಿದ ಕಾಲೇಜಿನಿಂದ ಒಂದು ಫಾರ್ಮ್ ಬಂತು. ಕಾಲೇಜಿನ ಹೆಸರು ಇಲ್ಲಿ ಬೇಡ. ಇಂಥದ್ದೊಂದು ಫಾರ್ಮು ನಿಮ್ಮಲ್ಲಿ ಹೆಚ್ಚಿನವರು ಯಾವತ್ತಾದರೂ ಕಳಿಸಿಯೇ ಇರುತ್ತೀರಿ. 'ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿನಿಯರು' ಅಂತ ಒಂದು ಪುಸ್ತಕ ತರುತ್ತಾರಂತೆ. ಹೆಸರು, ಮದುವೆಯಾದ ಮೇಲಿನ ಹೆಸರು, ಪಾಸಾದ ವರ್ಷ, ಹುದ್ದೆ, ಸಂಸ್ಥೆ, ಪಡೆದ ಪ್ರಶಸ್ತಿ. ಹುದ್ದೆ ಇಲ್ಲದವರಿಗೆ ಟಿಕ್ ಹಾಕೋಕೆ ಒಂದು ಪುಟ್ಟ ಚೌಕ: 'ಗೃಹಿಣಿ'. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ದೇಣಿಗೆ ಕಳಿಸುವುದು ಹೇಗೆ ಅನ್ನೋ ವಿವರ.

ನನ್ನದು ಲೆಕ್ಕಪತ್ರ ಬರೆಯುವ ಕೆಲಸ. ಫಾರ್ಮು ತುಂಬೋದು ನನಗೆ ಎರಡು ನಿಮಿಷದ ಮಾತು. ತುಂಬಿದೆ. ಆಮೇಲೆ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿಗೆ ಫೋನ್ ಮಾಡಿದೆ. ಅವಳಿಗೂ ಫಾರ್ಮು ಬಂದಿತ್ತು. "ಟಿಕ್ ಹಾಕಿ ಕಳಿಸಿಬಿಟ್ಟೆ ಕಣೇ, ಬರೆಯೋಕೆ ಏನಿತ್ತು?" ಅಂದಳು.

ಏನಿತ್ತು ಅಂತ ನಾನು ಹೇಳುತ್ತೇನೆ. ಕೆಮಿಸ್ಟ್ರಿಯಲ್ಲಿ ಪದವಿ ಮಾಡಿದವಳು ಅವಳು. ಒಂದು ದಿನವೂ ಸಂಬಳದ ಕೆಲಸಕ್ಕೆ ಹೋಗಲಿಲ್ಲ. ಅವಳ ಮನೆಯ ಮುಂದಿನ ಕಿಟಕಿಯ ಸರಳಿಗೆ ದಾರ ಕಟ್ಟಿ ಒಂದು ನೀಲಿ ಬಾಲ್‌ಪೆನ್ ನೇತು ಹಾಕಿದ್ದಾಳೆ. ಸಂಜೆಯಾದರೆ ಅಕ್ಕಪಕ್ಕದವರು ಕಾಗದ ಹಿಡಿದುಕೊಂಡು ಬರುತ್ತಾರೆ. ಆಸ್ಪತ್ರೆಯ ರಿಪೋರ್ಟು, ಪಿಂಚಣಿ ಅರ್ಜಿ, ಕೋರ್ಟಿನ ನೋಟಿಸು, ಮಗಳ ಸ್ಕಾಲರ್‌ಶಿಪ್ಪಿನ ಫಾರ್ಮು. ಇವಳು ಓದಿ ಹೇಳುತ್ತಾಳೆ, ತುಂಬಿಸುತ್ತಾಳೆ, ಎಲ್ಲಿ ಸಹಿ ಹಾಕಬೇಕೋ ತೋರಿಸುತ್ತಾಳೆ. ಎಲ್ಲಿ ಹಾಕಬಾರದು ಅನ್ನೋದನ್ನೂ ಹೇಳುತ್ತಾಳೆ. ಅದೇ ಮುಖ್ಯ, ಅಲ್ವಾ? ಇಪ್ಪತ್ತು ವರ್ಷದಿಂದ ಇದು ನಡೀತಾ ಇದೆ. ಬಂದವರ ಹೆಸರು, ತಾರೀಕು, ಯಾವ ಕಾಗದ, ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಕೊನೆಯ ಕಾಲಂನ ತಲೆಬರಹ 'ಆಯ್ತಾ?' ಕೆಲಸ ಆಯ್ತು ಅಂತ ಆ ಮನೆಯವರೇ ಬಂದು ಹೇಳಿದ ಮೇಲೆ ಮಾತ್ರ ಅಲ್ಲಿ ಗೀಟು ಬೀಳುತ್ತದೆ.

ನಿಮ್ಮ ಫಾರ್ಮು ಇವಳನ್ನು ಒಂದು ಚೌಕದಲ್ಲಿ ಮುಗಿಸಿತು. ಈ ಪತ್ರ ಬರೀತಾ ಇರೋದು ಅದಕ್ಕೇ.

ನೀವು ಹೇಳಬಹುದು, ಹೆಮ್ಮೆಯ ಪುಸ್ತಕ ಅಂದಮೇಲೆ ಹೆಸರಾದವರ ಪಟ್ಟಿಯೇ ತಾನೇ ಬೇಕು ಅಂತ. ಸರಿ, ಹೆಸರಾದವರಿಂದಲೇ ಶುರು ಮಾಡೋಣ. ಅವರಿಗೂ ನಿಮ್ಮ ಫಾರ್ಮು ಸಾಕಾಗುವುದಿಲ್ಲ.

ಅಮೆರಿಕದ ಮೌಂಟ್ ಹೋಲಿಯೋಕ್ ಕಾಲೇಜನ್ನೇ ನೋಡಿ. ಮೇರಿ ಲಿಯಾನ್ 1837ರಲ್ಲಿ ಶುರು ಮಾಡಿದ್ದು. ಅಲ್ಲಿಂದ 1902ರಲ್ಲಿ ಪದವಿ ಪಡೆದವರು ಫ್ರಾನ್ಸಿಸ್ ಪರ್ಕಿನ್ಸ್. ಹುದ್ದೆ ಅನ್ನೋ ಕಾಲಂನಲ್ಲಿ ಏನು ಬರೀಬಹುದು? ಅಮೆರಿಕದ ಕಾರ್ಮಿಕ ಸಚಿವೆ, 1933ರಿಂದ 1945. ಅಲ್ಲಿನ ಮಂತ್ರಿಮಂಡಲ ಸೇರಿದ ಮೊದಲ ಹೆಣ್ಣು. ಒಂದು ಸಾಲಿನಲ್ಲಿ ಕೆಲಸ ಮುಗೀತು. ಆದರೆ ಆ ಸಾಲಿನಲ್ಲಿ ಸಿಗದ ಮಾತೇ ಜಾಸ್ತಿ. ಕಾಲೇಜಿನಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದ ಮೇಡಂ ಒಬ್ಬರು ಹುಡುಗಿಯರನ್ನು ಹತ್ತಿರದ ಕಾರ್ಖಾನೆಗಳಿಗೆ ಕಳಿಸಿದರು. ಅಲ್ಲಿ ಹೆಂಗಸರು ಮಕ್ಕಳು ಹೇಗೆ ದುಡೀತಾರೆ, ಕಣ್ಣಾರೆ ನೋಡಿ ಬರೆದುಕೊಂಡು ಬನ್ನಿ ಅಂತ. ಪರ್ಕಿನ್ಸ್ ನೋಡಿದ್ದು ಆಗಲೇ. ಮುಂದೆ 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಆಕೆ ಬೀದಿಯಲ್ಲಿ ನಿಂತು ನೋಡಿದರು. ಬಾಗಿಲಿಗೆ ಬೀಗ ಹಾಕಿತ್ತು. ಸತ್ತವರು 146 ಮಂದಿ, ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗಿಯರು. ಕಾರ್ಖಾನೆಯಲ್ಲಿ ಬೆಂಕಿಯಿಂದ ಪಾರಾಗುವ ದಾರಿ ಇರಬೇಕು, ಕೆಲಸದ ಗಂಟೆಗೆ ಮಿತಿ ಇರಬೇಕು ಅಂತ ಓಡಾಡಿದ್ದು ಅಲ್ಲಿಂದ ಮುಂದೆ. 1935ರ ಸಾಮಾಜಿಕ ಭದ್ರತೆಯ ಕಾನೂನಿನ ಹಿಂದೆ ಇದ್ದದ್ದೂ ಆಕೆಯೇ. ಮುದುಕರಾದ ಮೇಲೆ ಕೈಗೆ ಒಂದಿಷ್ಟು ಹಣ ಬರುವ ಏರ್ಪಾಡು ಅದು. ಸಚಿವೆಯಾದದ್ದು ಸಾಧನೆ, ನಿಜ. ಆದರೆ ಮೊದಲು ಆದದ್ದು ಬೇರೆ. ಕಾಲೇಜಿನ ಗೇಟು ದಾಟಿ ಆಚೆ ಬದಿಯ ಕಾರ್ಖಾನೆಯ ಬಾಗಿಲವರೆಗೆ ಹೋದಳಲ್ಲ ಆ ಹುಡುಗಿ, ಅದು.

ಅದೇ ಕಾಲೇಜಿನಿಂದ 1929ರಲ್ಲಿ ಹೊರಬಂದವರು ವರ್ಜೀನಿಯಾ ಆಪ್ಗಾರ್. ಡಾಕ್ಟರ್ ಆದರು. ಸರ್ಜರಿ ಮಾಡಬೇಕು ಅಂತಿದ್ದವರನ್ನು ದೊಡ್ಡ ಡಾಕ್ಟರೇ ಬೇಡ ಅಂದರು. ಹೆಣ್ಣು ಸರ್ಜನ್ ಹತ್ತಿರ ರೋಗಿಗಳು ಬರೋದಿಲ್ಲ ಅನ್ನೋ ಕಾಲ. ಅನಸ್ತೀಶಿಯಾದ ಕಡೆಗೆ ಹೋದರು. 1952ರಲ್ಲಿ ಆಕೆ ಮಾಡಿದ ಕೆಲಸ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಮಗು ಹುಟ್ಟಿ ಒಂದು ನಿಮಿಷಕ್ಕೆ ಐದು ವಿಷಯ ನೋಡಬೇಕು. ಎದೆಬಡಿತ, ಉಸಿರು, ಮೈಯ ಬಿಗಿ, ಮುಟ್ಟಿದರೆ ಮಿಸುಕುತ್ತದೋ ಇಲ್ಲವೋ, ಮೈಬಣ್ಣ. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು. ಒಟ್ಟು ಹತ್ತಕ್ಕೆ ಎಷ್ಟು ಅಂತ ಕೂಡಿಸಿ ಬರೆಯಬೇಕು. ಅಲ್ಲಿಯವರೆಗೆ ಹೆರಿಗೆ ಕೋಣೆಯಲ್ಲಿ ಎಲ್ಲರ ಗಮನವೂ ತಾಯಿಯ ಮೇಲೆ. ನೀಲಿಗಟ್ಟಿದ ಕೂಸನ್ನು ಉಳಿಯೋದಿಲ್ಲ ಅಂತ ಬಿಟ್ಟುಬಿಡೋದೂ ಇತ್ತು. ಅಂಕ ಹಾಕಲೇಬೇಕು ಅಂದಮೇಲೆ ಮಗುವನ್ನು ನೋಡಲೇಬೇಕಾಯಿತು. ಈಗಲೂ ಜಗತ್ತಿನ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಆ ಅಂಕ ಹಾಕುತ್ತಾರೆ. ನೀವು, ನಾನು, ನಮ್ಮ ಮಕ್ಕಳು ಬಹುಶಃ ಮೊದಲ ಪರೀಕ್ಷೆ ಬರೆದದ್ದೇ ಅದು.

ಅದೂ ಏನು ಮತ್ತೆ? ಒಂದು ಫಾರ್ಮು. ಸರಿಯಾದ ಕಾಲಂ ಇರೋ ಫಾರ್ಮು.

ಮಹಿಳಾ ಕಾಲೇಜಿಗೂ ಈ ಸಾಧನೆಗೂ ಏನು ಸಂಬಂಧ, ಬುದ್ಧಿವಂತ ಹುಡುಗಿಯರು ಎಲ್ಲಿ ಓದಿದ್ದರೂ ಮೇಲೆ ಬರುತ್ತಿದ್ದರು ಅಂತ ವಾದ ಮಾಡುವವರು ಇದ್ದಾರೆ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಪದವಿ ತರಗತಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದೇ 1969ರಲ್ಲಿ. ಬೇರೆ ಬಾಗಿಲು ಮುಚ್ಚಿದ್ದರೆ ಬುದ್ಧಿವಂತೆಯರು ತೆರೆದಿದ್ದ ಬಾಗಿಲಿಗೇ ಹೋಗಬೇಕಲ್ಲ. ದುಡ್ಡಿದ್ದ ಮನೆಯವರೇ ಜಾಸ್ತಿ ಅನ್ನೋದೂ ಎಷ್ಟೋ ಕಾಲೇಜುಗಳ ಮಟ್ಟಿಗೆ ನಿಜ. ಆದರೂ ಮೂರು ವರ್ಷ ಅಲ್ಲಿದ್ದವಳಾಗಿ ಒಂದು ಮಾತು ಹೇಳುತ್ತೇನೆ. ನಮ್ಮ ಕಾಲೇಜಿನ ನಾಟಕಕ್ಕೆ ಪರದೆ ಕಟ್ಟಬೇಕಾದಾಗ ಏಣಿ ಹತ್ತಿದ್ದು ಹುಡುಗಿಯರೇ. ಫ್ಯೂಸ್ ಹೋದಾಗ ಟಾರ್ಚ್ ಹಿಡಿದು ಸರಿ ಮಾಡಿದವಳೂ ಹುಡುಗಿಯೇ. ಖಜಾಂಚಿ, ಸಂಪಾದಕಿ, ಲ್ಯಾಬಿನ ಬೀಗದ ಕೈ ಇಟ್ಟುಕೊಳ್ಳೋಳು, ಸಭೆಯಲ್ಲಿ ಜಗಳ ತೆಗೆಯೋಳು, ಜಗಳ ಬಿಡಿಸೋಳು, ಎಲ್ಲ ನಾವೇ. ಬೇರೆಯವರು ಮಾಡಲಿ ಅಂತ ಕೂರೋಕೆ ಅಲ್ಲಿ ಬೇರೆಯವರು ಇರಲಿಲ್ಲ. ಇದಕ್ಕೆ ಅಂಕಪಟ್ಟಿಯಲ್ಲಿ ಜಾಗ ಇಲ್ಲ. ಕಿಟಕಿಗೆ ಪೆನ್ನು ಕಟ್ಟುವ ಧೈರ್ಯ ನನ್ನ ಗೆಳತಿಗೆ ಬಂದದ್ದು ಆ ಏಣಿಯ ಮೇಲೆ ಅಂತ ನನ್ನ ನಂಬಿಕೆ.

ಈಗ ದಾಖಲೆಯ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳ ಓದಿನ ಕಥೆಯಲ್ಲಿ ಕಾಗದ ಯಾವಾಗಲೂ ತಡವಾಗಿಯೇ ಬಂದಿದೆ. ಕೇಂಬ್ರಿಜ್‌ನ ಗರ್ಟನ್ ಕಾಲೇಜು ಶುರುವಾಗಿದ್ದು 1869ರಲ್ಲಿ, ನ್ಯೂನಮ್ 1871ರಲ್ಲಿ. ಅಲ್ಲಿಯ ಹುಡುಗಿಯರು ಗಂಡುಮಕ್ಕಳ ಜೊತೆಗೇ ಅದೇ ಪರೀಕ್ಷೆ ಬರೆದರು. 1890ರಲ್ಲಿ ನ್ಯೂನಮ್‌ನ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಎಲ್ಲ ಗಂಡಸರನ್ನೂ ಮೀರಿಸಿದರು. ಪದವಿ ಮಾತ್ರ ಇಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ತಿ ಪದವಿ ಕೊಟ್ಟದ್ದು 1948ರಲ್ಲಿ. ಆಕ್ಸ್‌ಫರ್ಡ್ 1920ರಲ್ಲಿ. ನಡುವೆ ಒಂದು ತಮಾಷೆ ನಡೆಯಿತು. 1904ರಿಂದ 1907ರವರೆಗೆ ಡಬ್ಲಿನ್‌ನ ಟ್ರಿನಿಟಿ ಕಾಲೇಜು, ನೀವು ಅಲ್ಲಿ ಪಾಸಾಗಿದ್ದರೆ ಸಾಕು, ಬನ್ನಿ, ಪದವಿ ನಾವು ಕೊಡುತ್ತೇವೆ ಅಂದಿತು. ಸುಮಾರು 720 ಹೆಂಗಸರು ಹಡಗು ಹತ್ತಿ ಹೋಗಿ ಪದವಿ ತೆಗೆದುಕೊಂಡು ಬಂದರು. 'ಸ್ಟೀಮ್‌ಬೋಟ್ ಲೇಡೀಸ್' ಅಂತ ಅವರಿಗೆ ಹೆಸರೇ ಬಿತ್ತು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆಮೇಲಿನ ಮಾತು. ಇವರು ಕಟ್ಟಿದ ಫೀಸಿನ ಹಣದಿಂದ ಡಬ್ಲಿನ್‌ನಲ್ಲಿ ವಿದ್ಯಾರ್ಥಿನಿಯರಿಗೆ ಒಂದು ಹಾಸ್ಟೆಲ್ ಆಯಿತು. ಒಬ್ಬರ ಕಾಗದ ಇನ್ನೊಬ್ಬರ ಸೂರು.

ಕಲ್ಕತ್ತದ ಬೆಥೂನ್ ಕಾಲೇಜಿನ ಕಥೆ ಇನ್ನೂ ತಡವಾದದ್ದು. ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ 1883ರಲ್ಲಿ ಅಲ್ಲಿಂದ ಪದವಿ ಪಡೆದರು. ಕಾದಂಬಿನಿ ಡಾಕ್ಟರ್ ಆದರು. ಚಂದ್ರಮುಖಿ ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲ್ ಆದರು. ಇವು ಎಲ್ಲರೂ ಹೇಳುವ ಮಾತು. ತಡವಾದ ಕಾಗದ ಪ್ರೀತಿಲತಾ ವಾದ್ದೇದಾರ್ ಅವರದ್ದು. ಅವರೂ ಅಲ್ಲೇ ತತ್ವಶಾಸ್ತ್ರ ಓದಿ ಪಾಸಾದರು. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿದ್ದಾಳೆ ಅಂತ ಪದವಿಪತ್ರ ತಡೆಹಿಡಿದರು. ಆಕೆ ಈಗಿನ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್‌ಗೆ ಮರಳಿ ಶಾಲೆಯಲ್ಲಿ ಕಲಿಸಿದರು. 1932ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಯುರೋಪಿಯನ್ ಕ್ಲಬ್ಬಿನ ಮೇಲಿನ ದಾಳಿಯಲ್ಲಿ ಪ್ರಾಣ ಕೊಟ್ಟರು. ಕಲ್ಕತ್ತ ವಿಶ್ವವಿದ್ಯಾಲಯ ಆ ಪದವಿಯನ್ನು ಕೊಟ್ಟದ್ದು 2012ರಲ್ಲಿ. ಎಂಬತ್ತು ವರ್ಷ! ಅದೇ ಹೋರಾಟದಲ್ಲಿದ್ದು ಪದವಿಪತ್ರ ಸಿಗದೇ ಉಳಿದ ಬೀನಾ ದಾಸ್ ಅವರಿಗೂ ಆವತ್ತೇ ಕೊಟ್ಟರು. ದಾಖಲೆ ತಿದ್ದೋಕೆ ಇಷ್ಟು ವರ್ಷ ಕಾಯಬೇಕಾಗಿಲ್ಲ ಅಂತ ನಿಮಗೆ ನೆನಪಿಸುವುದಕ್ಕೆ ಇದನ್ನು ಬರೆದೆ.

ಅದೇ ಚಿತ್ತಗಾಂಗ್‌ನಲ್ಲಿ 2008ರಿಂದ ಏಷ್ಯನ್ ಯೂನಿವರ್ಸಿಟಿ ಫಾರ್ ವಿಮೆನ್ ಇದೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಅವರು ಓದುವಾಗ ಕಾರ್ಖಾನೆಯವರು ಸಂಬಳ ಕೊಡುತ್ತಲೇ ಇರುವ ವ್ಯವಸ್ಥೆ ಮಾಡಿದ್ದಾರೆ. ಮನೆಗೆ ಹಣ ನಿಂತರೆ ಓದೂ ನಿಲ್ಲುತ್ತದೆ ಅಂತ ಯಾರೋ ಸರಿಯಾಗಿ ಯೋಚಿಸಿದ್ದಾರೆ.

ಹಳೆ ವಿದ್ಯಾರ್ಥಿನಿಯರ ಸಂಘ ಅಂದರೆ ವರ್ಷಕ್ಕೊಂದು ಊಟ, ಒಂದು ಗ್ರೂಪ್ ಫೋಟೋ ಅಂತ ಆಗಿಬಿಟ್ಟಿದೆ. ಹಾಗೇ ಇರಬೇಕಾಗಿಲ್ಲ. 1917ರಲ್ಲಿ, ಮೊದಲ ಮಹಾಯುದ್ಧ ನಡೀತಾ ಇರುವಾಗಲೇ, ಅಮೆರಿಕದ ಸ್ಮಿತ್ ಕಾಲೇಜಿನ ಹಳೆ ವಿದ್ಯಾರ್ಥಿನಿಯರು ತಾವೇ ಹಣ ಕೂಡಿಸಿ ಒಂದು ತಂಡವನ್ನು ಫ್ರಾನ್ಸಿಗೆ ಕಳಿಸಿದರು. ಇಪ್ಪತ್ತು ಮಂದಿಯೂ ಇರಲಿಲ್ಲ. ಮುಂದಾಳು ಹ್ಯಾರಿಯಟ್ ಬಾಯ್ಡ್ ಹಾಸ್, ಕ್ರೀಟ್ ದ್ವೀಪದಲ್ಲಿ ಹಳೆಯ ಊರೊಂದನ್ನು ಅಗೆದು ತೆಗೆದ ಪುರಾತತ್ವ ತಜ್ಞೆ. ಸೊಮ್ ಪ್ರದೇಶದ ಗ್ರೆಕೂರ್ ಅನ್ನೋ ಹಳ್ಳಿಯಲ್ಲಿ ಬೀಡು ಬಿಟ್ಟರು. ಸುತ್ತ ಹತ್ತಕ್ಕೂ ಹೆಚ್ಚು ಹಳ್ಳಿಗಳು, ಎಲ್ಲ ಹಾಳು ಸುರಿಯುತ್ತಿದ್ದವು. ಇವರು ಲಾರಿ ಓಡಿಸಿದರು. ಹಸು, ಕೋಳಿ, ಬಿತ್ತನೆ ಬೀಜ ತಂದರು. ಲಾರಿಯಲ್ಲೇ ಅಂಗಡಿ ಮಾಡಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋದರು. ಜೊತೆಯಲ್ಲಿದ್ದ ಡಾಕ್ಟರು ಕಾಯಿಲೆ ನೋಡಿದರು. 1918ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಮತ್ತೆ ನುಗ್ಗಿತು. ಅದೇ ಲಾರಿಗಳಲ್ಲಿ ಹಳ್ಳಿಯವರನ್ನು ತುಂಬಿಕೊಂಡು ಹೊರಗೆ ಸಾಗಿಸಿದರು. ಹಾಕಿದ ಬೀಜ, ಕಟ್ಟಿದ ಗುಡಿಸಲು ಎಲ್ಲ ಹೋಯಿತು. ಗ್ರೆಕೂರಿನ ಗೇಟಿನ ಹಾಗೇ ಒಂದು ಗೇಟು ಮಾಡಿಸಿ 1924ರಲ್ಲಿ ಸ್ಮಿತ್ ಕಾಲೇಜಿನ ಮುಂದೆ ನಿಲ್ಲಿಸಿದರು. ಸ್ಮಾರಕ ಅಂದರೆ ಹೀಗಿರಬೇಕು ಅನಿಸುತ್ತದೆ. ಫೋಟೋ ಅಲ್ಲ, ಗೇಟು. ದಿನಾ ಅದರ ಮುಂದೆಯೇ ಹೋಗಿ ಬರಬೇಕು.

ತ್ಸುದಾ ಉಮೆಕೊ ಅವರನ್ನೂ ನೆನೆಯಬೇಕು. ಆರು ವರ್ಷದ ಮಗುವಾಗಿ 1871ರಲ್ಲಿ ಜಪಾನಿನಿಂದ ಅಮೆರಿಕಕ್ಕೆ ಹೊರಟವರು. ಆಮೇಲೆ ಮತ್ತೆ ಹೋಗಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದರು. ಅಲ್ಲೇ ಇದ್ದು ಸಂಶೋಧನೆ ಮಾಡಿದ್ದರೆ ಹೆಸರು ಬರುತ್ತಿತ್ತು. ಆಕೆ ಓದುತ್ತಿರುವಾಗಲೇ ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ತನ್ನ ಹಿಂದೆ ಬರುವ ಜಪಾನಿ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಡಲು ಹಣ ಕೂಡಿಸಿದರು. 1900ರಲ್ಲಿ ಟೋಕಿಯೋದಲ್ಲಿ ಹತ್ತು ಹುಡುಗಿಯರನ್ನು ಕೂಡಿಸಿಕೊಂಡು ಶಾಲೆ ತೆರೆದರು. ಆ ಸ್ಕಾಲರ್‌ಶಿಪ್ ಪಡೆದವರಲ್ಲಿ ಕವಾಯಿ ಮಿಚಿ ಒಬ್ಬರು. ಅವರು ಮುಂದೆ ತಾವೇ ಒಂದು ಹೆಣ್ಣುಮಕ್ಕಳ ಶಾಲೆ ತೆರೆದರು. 1923ರ ಭೂಕಂಪದಲ್ಲಿ ಉಮೆಕೊ ಶಾಲೆ ಸುಟ್ಟುಹೋಯಿತು. ಗೆಳತಿ ಆನ್ನಾ ಹಾರ್ಟ್ಸ್‌ಹಾರ್ನ್ ಅಮೆರಿಕಕ್ಕೆ ಹೋಗಿ ಹಣ ಎತ್ತಿ ತಂದರು. ಈಗ ಅದು ತ್ಸುದಾ ವಿಶ್ವವಿದ್ಯಾಲಯ. 2024ರಿಂದ ಐದು ಸಾವಿರ ಯೆನ್ ನೋಟಿನ ಮೇಲೆ ಆಕೆಯ ಮುಖ ಇದೆ. ನೋಟಿನ ಮೇಲಿನ ಮುಖ ಎಲ್ಲರಿಗೂ ಕಾಣುತ್ತದೆ. ಆ ಮುಖದ ಹಿಂದೆ ಕೈಯಿಂದ ಕೈಗೆ ದಾಟಿದ ಸಹಾಯ ಯಾವ ಫಾರ್ಮಿನಲ್ಲಿ ಕಾಣುತ್ತದೆ ಹೇಳಿ?

ವಂಗಾರಿ ಮಾಥಾಯಿ ಕೂಡ ಮಹಿಳಾ ಕಾಲೇಜಿನ ಹುಡುಗಿಯೇ. ಕನ್ಸಾಸ್‌ನ ಮೌಂಟ್ ಸೇಂಟ್ ಸ್ಕೊಲಾಸ್ಟಿಕಾದಿಂದ 1964ರ ಪದವಿ. ಕೆನ್ಯಾಕ್ಕೆ ಮರಳಿ 1977ರಲ್ಲಿ ಗಿಡ ನೆಡುವ ಚಳವಳಿ ಶುರು ಮಾಡಿದರು, 2004ರಲ್ಲಿ ನೊಬೆಲ್ ಬಂತು. ಹಳ್ಳಿಯ ಹೆಂಗಸರು ಸಸಿ ಬೆಳೆಸೋಕೆ ಹೊರಟಾಗ, ಅದಕ್ಕೆಲ್ಲ ತರಬೇತಿ ಬೇಕು ಅಂತ ಕಲಿತವರು ಮೂಗು ಮುರಿದರು. ಆಕೆ ಆ ಹೆಂಗಸರನ್ನೇ ಡಿಪ್ಲೊಮಾ ಇಲ್ಲದ ಅರಣ್ಯ ತಜ್ಞೆಯರು ಅಂತ ಕರೆದರು. ಪದವಿ ಇದ್ದವಳು ಪದವಿ ಇಲ್ಲದವರ ಪಕ್ಕ ನಿಂತ ಬಗೆ ಅದು.

ಹಳೆ ವಿದ್ಯಾರ್ಥಿನಿಯರ ನಂಟು ಕಾಲೇಜಿಗೆ ಯಾವಾಗ ನೆನಪಾಗುತ್ತದೆ ಗೊತ್ತಾ? ಮುಚ್ಚುವ ಮಾತು ಬಂದಾಗ. ಅಮೆರಿಕದಲ್ಲಿ 1960ರ ಸುಮಾರಿಗೆ 230ರಷ್ಟು ಮಹಿಳಾ ಕಾಲೇಜುಗಳಿದ್ದವು. ಈಗ ಮೂವತ್ತರ ಆಸುಪಾಸು. ಕೆಲವು ಗಂಡುಮಕ್ಕಳನ್ನೂ ಸೇರಿಸಿಕೊಂಡವು, ಕೆಲವು ಬೇರೆ ಸಂಸ್ಥೆಯೊಳಗೆ ಸೇರಿಹೋದವು, ಕೆಲವು ಬಾಗಿಲು ಹಾಕಿದವು. ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜಿನ ಆಡಳಿತ ಮಂಡಳಿ 2015ರ ಮಾರ್ಚಿನಲ್ಲಿ, ಈ ವರ್ಷಕ್ಕೆ ಮುಗೀತು, ಮುಚ್ಚುತ್ತೇವೆ ಅಂತ ಹೇಳಿತು. ಹಳೆ ವಿದ್ಯಾರ್ಥಿನಿಯರು ಅತ್ತು ಸುಮ್ಮನಾಗಲಿಲ್ಲ. ವಕೀಲರಾಗಿದ್ದವರು ಕೋರ್ಟಿನ ಕಾಗದ ನೋಡಿದರು, ಲೆಕ್ಕ ಬಲ್ಲವರು ಕಾಲೇಜಿನ ಲೆಕ್ಕ ತೆಗೆದು ಕೂತರು, ಉಳಿದವರು ಫೋನು ಹಿಡಿದರು. ಜೂನ್ ಹೊತ್ತಿಗೆ ರಾಜಿಯಾಯಿತು. ಅವರು 1.2 ಕೋಟಿ ಡಾಲರ್ ಕೊಡುವುದು, ಕಾಲೇಜು ನಡೆಯುವುದು. ಆ ಬೇಸಿಗೆಯಲ್ಲಿ ಅವರೇ ಬಂದು ಬಣ್ಣ ಬಳಿದು ಕಳೆ ಕಿತ್ತರು. ಕಾಲೇಜು ಇವತ್ತೂ ನಡೀತಾ ಇದೆ. ಮೂರು ತಿಂಗಳಲ್ಲಿ ಅಷ್ಟು ಜನ ಹೇಗೆ ಸಿಕ್ಕರು? ಅವರವರ ನಡುವೆ ನಂಟು ಉಳಿದಿತ್ತು, ಅದಕ್ಕೆ.

ನಮ್ಮ ಕಾಲೇಜಿಗೆ ಅಂಥ ದಿನ ಬಂದರೆ ಯಾರನ್ನು ಕರೀತೀರಿ? ನನ್ನ ಬ್ಯಾಚಿನಲ್ಲಿ ಅರ್ಧ ಜನ ನಿಮ್ಮ ಪಟ್ಟಿಯಲ್ಲೇ ಇಲ್ಲ. ಮದುವೆಯಾಗಿ ಹೆಸರು ಬದಲಾಯಿತು, ಮನೆ ಬದಲಾಯಿತು, ನಿಮ್ಮ ಕಾಗದ 'ವಿಳಾಸದಾರರು ಇಲ್ಲ' ಅಂತ ವಾಪಸ್ ಬಂತು. ನೀವು ಅಲ್ಲಿಗೇ ಕೈಬಿಟ್ಟಿರಿ. ಇದು ನಮ್ಮ ತಪ್ಪಾ? ಗಂಡುಮಕ್ಕಳ ಕಾಲೇಜಿಗೆ ಈ ತೊಂದರೆ ಇಲ್ಲ. ಹೆಣ್ಣುಮಕ್ಕಳ ಕಾಲೇಜಿಗೆ ಮಾತ್ರ ಇದೆ, ಹಾಗಾಗಿ ಇದಕ್ಕೆ ದಾರಿ ಹುಡುಕಬೇಕಾದವರೂ ನೀವೇ. ಮೊದಲು ಓದುವಾಗಿನ ಹೆಸರಿನಲ್ಲೇ ಪಟ್ಟಿ ಇಡಿ. ನಮ್ಮನ್ನು ಹುಡುಕುವ ಗೆಳತಿಯರಿಗೆ ಗೊತ್ತಿರೋದು ಅದೊಂದೇ. ಸಿಗದವರ ಹೆಸರನ್ನು ಬ್ಯಾಚಿನ ಒಬ್ಬಳ ಕೈಗೆ ಕೊಡಿ. ಒಂದು ವಾರದಲ್ಲಿ ಮುಕ್ಕಾಲು ಪಾಲು ಸಿಕ್ಕುತ್ತಾರೆ. ನಾವು ಹೇಗೋ ಒಬ್ಬರಿಗೊಬ್ಬರು ಗೊತ್ತಿರುತ್ತೇವೆ.

ಹಣ ಕೇಳದ ಕಾಗದವನ್ನು ವರ್ಷಕ್ಕೆ ಒಂದಾದರೂ ಬರೀರಿ. ದೇಣಿಗೆ ಕೇಳೋದು ತಪ್ಪಲ್ಲ, ಕಾಲೇಜು ನಡೀಬೇಕಲ್ಲ. ಆದರೆ ಕಾಲೇಜಿನ ಲಕೋಟೆ ಕಂಡರೆ ಬಿಲ್ಲು ಬಂತು ಅನಿಸಬಾರದು.

ಇನ್ನು ಆ ಫಾರ್ಮು. ಹುದ್ದೆ, ಪ್ರಶಸ್ತಿ ಇರಲಿ, ತೆಗೆಯೋದು ಬೇಡ. 'ಗೃಹಿಣಿ' ಅನ್ನೋ ಚೌಕವೂ ಇರಲಿ, ಅದರಲ್ಲಿ ನಾಚಿಕೆಪಡೋದು ಏನಿಲ್ಲ. ಅದರ ಜೊತೆ ಒಂದು ಕಾಲಂ ಸೇರಿಸಿ. 'ನಿಮ್ಮ ಹತ್ತಿರ ಜನ ಏನು ಕೇಳಿಕೊಂಡು ಬರುತ್ತಾರೆ?' ಅಷ್ಟೇ ಸಾಕು. ಡಾಕ್ಟರಿಗೂ ಉತ್ತರ ಇರುತ್ತದೆ, ಜಡ್ಜಿಗೂ ಇರುತ್ತದೆ, ಮನೆಯಲ್ಲಿರೋಳಿಗೂ ಇರುತ್ತದೆ. ಕೆಲವರು ಖಾಲಿ ಬಿಡುತ್ತಾರೆ. ಬಿಡಲಿ. ದೊಡ್ಡ ಹುದ್ದೆಯ ಕೆಲವರೂ ಅದನ್ನು ಖಾಲಿ ಬಿಡಬಹುದು, ನೋಡ್ತಾ ಇರಿ.

ಮೊದಲ ವರ್ಷದ ಹುಡುಗಿಯರಿಗೆ ಭಾಷಣ ಮಾಡಿಸೋಕೆ ಪ್ರತಿ ಸಲವೂ ಪತ್ರಿಕೆಯಲ್ಲಿ ಫೋಟೋ ಬಂದವರನ್ನೇ ಕರೀಬೇಡಿ. ಒಂದು ಸಲ ನನ್ನ ಗೆಳತಿಯನ್ನು ಕರೀರಿ. ಅವಳು ಭಾಷಣ ಮಾಡೋಲ್ಲ, ಅದು ಅವಳಿಗೆ ಬರೋಲ್ಲ. ಹುಡುಗಿಯರ ಕೈಗೆ ಒಂದು ಅರ್ಜಿ ಕೊಟ್ಟು, ಇದರಲ್ಲಿ ಮೋಸ ಎಲ್ಲಿದೆ ಹುಡುಕಿ ಅಂತಾಳೆ. ನನಗೆ ಗೊತ್ತು, ಮೊನ್ನೆ ನನಗೂ ಹಾಗೇ ಮಾಡಿದಳು. ನಾಲ್ಕನೇ ಪ್ಯಾರಾದಲ್ಲಿತ್ತು. ಲೆಕ್ಕಪತ್ರದವಳಾದ ನನಗೆ ಸಿಗಲಿಲ್ಲ.

ನನ್ನ ಫಾರ್ಮಿನ ಹಿಂಬದಿಯಲ್ಲಿ ಆ ಕಾಲಂ ನಾನೇ ಗೀಟು ಹಾಕಿ ತುಂಬಿ ಕಳಿಸಿದ್ದೇನೆ. ಅವಳದ್ದನ್ನೂ ಬೇರೆ ಹಾಳೆಯಲ್ಲಿ ಬರೆದು ಜೊತೆಗೆ ಪಿನ್ ಮಾಡಿದ್ದೇನೆ. ಕಿತ್ತು ಎಸೆಯಬೇಡಿ.

ಇಂತಿ,
ನಿಮ್ಮ ಹಳೆ ವಿದ್ಯಾರ್ಥಿನಿ

ವಿ. ಸೂ.: ಈ ಪತ್ರವನ್ನು ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. ನಕ್ಕಳು. ಆಮೇಲೆ ನೋಟ್‌ಬುಕ್ ತೆಗೆದು ತಾರೀಕು ಹಾಕಿ, ನನ್ನ ಹೆಸರು ಬರೆದು, ಯಾವ ಕಾಗದ ಅನ್ನೋ ಕಡೆ 'ಕಾಲೇಜಿಗೆ ಪತ್ರ' ಅಂತ ಬರೆದುಕೊಂಡಳು. ಕೊನೆಯ ಕಾಲಂ ಇನ್ನೂ ಖಾಲಿ ಇದೆ.